ಬಿಸಿಲು ಬರೆದ ಸುಕ್ಕು, ಟ್ಯೂಬು ಕೊಟ್ಟ ಹೊಳಪು

ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೋ ಅಜ್ಜನೋ ಇದ್ದರೆ ಈ ಭಾನುವಾರ ಒಂದು ಪುಟ್ಟ ಪ್ರಯೋಗ ಮಾಡಿ ನೋಡಬಹುದು. ಉಪಕರಣವೇನೂ ಬೇಡ. ಅಜ್ಜಿಯ ಅಂಗೈಯ ಹಿಂಬದಿಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದು ಬಿಟ್ಟುಬಿಡಿ. ಅದು ಮತ್ತೆ ಸಪಾಟಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರದಲ್ಲಿ ನೋಡಿ. ಅದನ್ನೇ ನಿಮ್ಮ ಕೈಯ ಮೇಲೂ ಮಾಡಿ. ನಿಮ್ಮದು ಬಿಟ್ಟ ತಕ್ಷಣ ಸ್ವಸ್ಥಾನಕ್ಕೆ ಹೋಗುತ್ತದೆ. ಅಜ್ಜಿಯದು ಗೋಪುರದ ಹಾಗೆ ಒಂದಿಷ್ಟು ಹೊತ್ತು ನಿಂತೇ ಇರುತ್ತದೆ.

ವಯಸ್ಸಾಯಿತಲ್ಲ, ಅದಕ್ಕೆ ಎನ್ನುತ್ತೀರಿ. ಸರಿ, ಹಾಗಾದರೆ ಪ್ರಯೋಗದ ಎರಡನೆಯ ಭಾಗಕ್ಕೆ ಬನ್ನಿ. ಅಜ್ಜಿಯ ತೋಳಿನ ಒಳಮೈಯನ್ನು, ಅಂದರೆ ರವಿಕೆಯ ತೋಳು ಮುಚ್ಚುವ, ಕಂಕುಳಿಗೆ ಹತ್ತಿರದ ಭಾಗವನ್ನು ಗಮನಿಸಿ. ಆಮೇಲೆ ಅವರ ಕೆನ್ನೆಯನ್ನು ನೋಡಿ. ಒಳತೋಳಿನ ಚರ್ಮ ತುಸು ತೆಳುವಾಗಿ, ಸಡಿಲವಾಗಿ ಇದ್ದೀತು. ಆದರೆ ಕಲೆಯಿಲ್ಲ, ಆಳವಾದ ಗೆರೆಯಿಲ್ಲ, ಬಣ್ಣವೂ ಒಂದೇ ಸಮ. ಕೆನ್ನೆಯ ಮೇಲೆ ಗೆರೆಗಳು, ಕಂದು ಮಚ್ಚೆಗಳು, ಕಣ್ಣಿನ ಬದಿಯಲ್ಲಿ ಬೀಸಣಿಗೆಯಂತೆ ಹರಡಿದ ನೆರಿಗೆಗಳು. ಎರಡೂ ಚರ್ಮಗಳು ಹುಟ್ಟಿದ್ದು ಒಂದೇ ದಿನ! ವಯಸ್ಸು ಒಂದೇ ಆಗಿದ್ದರೂ ಒಂದಕ್ಕೆ ಮಾತ್ರ ಇಷ್ಟು ಮುಪ್ಪು ಏಕೆ?

ಉತ್ತರ ತಿಳಿಯಬೇಕಾದರೆ ಚರ್ಮದ ಒಳಗೆ ಸ್ವಲ್ಪ ಇಳಿಯಬೇಕು. ಮೇಲೆ ಕಾಣುವುದು ಹೊರಚರ್ಮ. ಇದು ಕಾಗದದಷ್ಟು ತೆಳು. ಅದರ ಕೆಳಗಿನ ಒಳಚರ್ಮವೇ ಮುಖಕ್ಕೆ ಬಿಗಿ ಕೊಡುವ ಭಾಗ. ಅಲ್ಲಿ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರುಗಳು ಹಗ್ಗದ ಹೊರೆಗಳಂತೆ ಹೆಣೆದುಕೊಂಡಿವೆ. ಚರ್ಮವನ್ನು ಪೂರಾ ಒಣಗಿಸಿ ತೂಗಿದರೆ ತೂಕದ ಮುಕ್ಕಾಲು ಪಾಲು ಇದರದೇ. ಜೊತೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಇದೆ. ಅಜ್ಜಿಯ ಕೈಯ ಮೇಲೆ ನೀವು ಅಳೆದದ್ದು ಈ ಎಲಾಸ್ಟಿನ್ನಿನ ದಣಿವನ್ನು.

ಕೊಲ್ಯಾಜೆನ್ನಿನ ಕಥೆಯಲ್ಲಿ ನಮ್ಮವರ ದೊಡ್ಡ ಪಾತ್ರವಿದೆ ಎಂಬುದು ಪಠ್ಯಪುಸ್ತಕಗಳಲ್ಲಿ ಎದ್ದು ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1954ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ ಸೇರಿ ಇದರ ರಚನೆಯನ್ನು ಬಿಡಿಸಿದರು. ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಹುರಿ ಅದು. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡುವುದನ್ನು ಕಂಡವರಿಗೆ ಚಿತ್ರ ಬೇಡ. ಪ್ರತಿ ಮೂರನೆಯ ಸ್ಥಾನದಲ್ಲೂ ಗ್ಲೈಸೀನ್ ಎಂಬ ಅತಿ ಪುಟ್ಟ ಅಮೈನೋ ಆಮ್ಲ ಇರುವುದರಿಂದಲೇ ಮೂರೆಳೆಗಳು ಅಷ್ಟು ಒತ್ತಾಗಿ ಕೂರಲು ಸಾಧ್ಯವಾಗಿದೆ. ರಾಮಚಂದ್ರನ್ ಮುಂದೆ ಬೆಂಗಳೂರಿಗೇ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ನೊಬೆಲ್ ಬರಬೇಕಾಗಿತ್ತು, ಬರಲಿಲ್ಲ. ಆ ಮಾತು ಇನ್ನೊಮ್ಮೆ.

ಈ ಹುರಿಯನ್ನು ಹೊಸೆಯುವ ಜೀವಕೋಶಗಳು ಇಪ್ಪತ್ತೈದರ ನಂತರ ನಿಧಾನವಾಗಿ ಸೋಮಾರಿಯಾಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲ್ಯಾಜೆನ್ ಸುಮಾರು ಶೇಕಡ 30ರಷ್ಟು ಇಳಿಯುತ್ತದೆ. ಇದು ವಯಸ್ಸಿನ ಪಾಲು. ಅಜ್ಜಿಯ ಒಳತೋಳು ತೋರಿಸುವುದು ಇಷ್ಟನ್ನೇ. ಕೆನ್ನೆಯ ಮೇಲಿನ ಉಳಿದ ಬರಹವೆಲ್ಲ ಬಹುಮಟ್ಟಿಗೆ ಬಿಸಿಲಿನದು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ನೆಲ ಮುಟ್ಟುವವು ಎರಡು ಬಗೆ: ‘ಬಿ’ ಮತ್ತು ‘ಎ’. ‘ಬಿ’ ಕಿರಣ ಹೊರಚರ್ಮವನ್ನು ಸುಟ್ಟು ಕಪ್ಪಾಗಿಸುತ್ತದೆ, ಉರಿ ತರಿಸುತ್ತದೆ. ಆದ್ದರಿಂದ ಅದು ನಮ್ಮ ಗಮನಕ್ಕೆ ಬರುತ್ತದೆ. ‘ಎ’ ಕಿರಣ ಸದ್ದಿಲ್ಲದ ಕಳ್ಳ. ನೆಲ ಮುಟ್ಟುವ ನೇರಳಾತೀತದಲ್ಲಿ ಶೇಕಡ 95ರಷ್ಟು ಇದೇ. ಉರಿಯಿಲ್ಲ, ನೋವಿಲ್ಲ, ನೇರವಾಗಿ ಒಳಚರ್ಮಕ್ಕೆ ಇಳಿದು, ಕೊಲ್ಯಾಜೆನ್ ಹುರಿಯನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಮಾಮೂಲಿ ಗಾಜು ‘ಬಿ’ಯನ್ನು ತಡೆಯುತ್ತದೆ, ‘ಎ’ಯನ್ನು ಬಹುಪಾಲು ಒಳಗೆ ಬಿಡುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ 69 ವರ್ಷದ ಲಾರಿ ಚಾಲಕನೊಬ್ಬನ ಭಾವಚಿತ್ರ ಪ್ರಕಟಿಸಿತು. 28 ವರ್ಷ ಲಾರಿ ಓಡಿಸಿದವ. ಆತನ ಮುಖದ ಎಡಭಾಗ ಬಲಭಾಗಕ್ಕಿಂತ ಎಷ್ಟೋ ವರ್ಷ ಮುದಿಯಾಗಿ, ಚರ್ಮ ದಪ್ಪವಾಗಿ, ಉತ್ತ ಹೊಲದಂತೆ ಗೆರೆಗೆರೆಯಾಗಿತ್ತು. ಅಲ್ಲಿ ಸ್ಟಿಯರಿಂಗ್ ಎಡಗಡೆ. ಕಿಟಕಿಯ ಗಾಜು ಆ ಕೆನ್ನೆಯ ಕಡೆ. ನಮ್ಮಲ್ಲಾದರೆ ಚಾರ್ಮಾಡಿ ಘಾಟಿ ಹತ್ತಿಳಿಯುವ ಚಾಲಕರ ಬಲಕೆನ್ನೆ, ಬಲಗೈಗಳನ್ನು ನೋಡಬೇಕು.

ಘಾಟಿಯ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ನೇರಳಾತೀತ ಹೆಚ್ಚುತ್ತದೆ. ಪ್ರತಿ ಸಾವಿರ ಮೀಟರಿಗೆ ಶೇಕಡ 10ರಷ್ಟು. ಚಿಕ್ಕಮಗಳೂರು, ಮೂಡಿಗೆರೆಗಳು ಇರುವುದು ಆ ಸಾವಿರ ಮೀಟರಿನ ಆಸುಪಾಸಿನಲ್ಲಿ. ಮುಳ್ಳಯ್ಯನಗಿರಿ 1930 ಮೀಟರು. ಮಂಗಳೂರಿನ ಸೆಕೆಯಿಂದ ತಪ್ಪಿಸಿಕೊಂಡು ಬೆಟ್ಟದ ತಂಪಿಗೆ ಬಂದವರು ಚಳಿಯಿದೆಯೆಂದು ಟೋಪಿಯಿಲ್ಲದೆ ದಿನವಿಡೀ ಅಲೆಯುತ್ತಾರೆ. ಚರ್ಮಕ್ಕೆ ತಾಪ ಗೊತ್ತಾಗುತ್ತದೆಯೇ ಹೊರತು ನೇರಳಾತೀತ ಗೊತ್ತಾಗುವುದಿಲ್ಲ. ತೆಳ್ಳನೆಯ ಮೋಡವಿದ್ದರೂ ಅದರ ಬಹುಪಾಲು ಕೆಳಗಿಳಿಯುತ್ತದೆ.

ಆದರೆ ಈ ಸೀಮೆಗೆ ಒಂದು ಭಾಗ್ಯವೂ ಇದೆ. ಅರೇಬಿಕಾ ಕಾಫಿ ನೆರಳಿನ ಗಿಡ. ಬಟಾಬಯಲಿನಲ್ಲಿಟ್ಟರೆ ಎಲೆ ಸೀದು ಹಳದಿಯಾಗುತ್ತದೆ, ಕಾಂಡಕೊರಕದ ಹಾವಳಿಯೂ ಹೆಚ್ಚು. ಹಾಗಾಗಿ ಹಾಲುವಾಣ, ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಚಪ್ಪರದಡಿ ಬೆಳೆಸುತ್ತಾರೆ. ಚಪ್ಪರ ದಟ್ಟವಾದರೂ ಕಷ್ಟ, ತೆಳುವಾದರೂ ಕಷ್ಟ ಎಂದು ಮರಗಸಿ ಮಾಡಿ ನೆರಳನ್ನು ಹದಮಾಡುತ್ತಾರೆ. ಗಿಡಕ್ಕೆ ಕೊಟ್ಟ ನೆರಳು ಅದರ ಬುಡದಲ್ಲಿ ಹಣ್ಣು ಕೊಯ್ಯುವವರಿಗೂ ಸಿಗುತ್ತದೆ. ಬಿಸಿಲು ಬಡಿಯುವುದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಣದಲ್ಲಿ. ಕಾಫಿ ಒಣಗಲು ಬಯಲು ಬೇಕು, ಒಣಗಿಸುವವರಿಗೆ ನೆರಳು ಬೇಕು. ಇವೆರಡೂ ಒಂದೆಡೆ ಸಿಗುವುದಿಲ್ಲ. ಬಿಳಿಯ ಸಿಮೆಂಟು ಕಣವಾದರೆ ಕೆಳಗಿನಿಂದಲೂ ಸ್ವಲ್ಪ ಬೆಳಕು ಮುಖಕ್ಕೆ ಹೊಡೆಯುತ್ತದೆ. ತಲೆಗೆ ಟವೆಲು ಸುತ್ತಿ, ಅದರ ಅಂಚನ್ನು ಹಣೆಯ ಮುಂದೆ ಚಾಚಿ, ಮಧ್ಯಾಹ್ನ ಎರಡು ತಾಸು ಬಿಟ್ಟು ಕಾಫಿ ಕೆದಕುವ ಆಳುಗಳು ತಮಗೆ ತಿಳಿಯದೆಯೇ ಚರ್ಮವೈದ್ಯರ ಮೊದಲ ಸೂಚನೆಯನ್ನು ಪಾಲಿಸುತ್ತಿದ್ದಾರೆ.

ನಮ್ಮ ಕಂದುಬಣ್ಣದಲ್ಲೂ ಒಂದು ಕೊಡೆ ಇದೆ. ಅದರ ಹೆಸರು ಮೆಲನಿನ್. ಈ ಕಾರಣದಿಂದ ಬಿಳಿಯರಿಗೆ ಮೂವತ್ತರಲ್ಲೇ ಕಾಣುವ ಸುಕ್ಕು ನಮ್ಮಲ್ಲಿ ಹತ್ತಾರು ವರ್ಷ ತಡವಾಗಿ ಬರುತ್ತದೆ. ಬದಲಿಗೆ ನಮ್ಮನ್ನು ಮೊದಲು ಕಾಡುವುದು ಬಣ್ಣದ ಏರುಪೇರು: ಕೆನ್ನೆಯ ಮೇಲಿನ ಬಂಗು, ಕಣ್ಣಿನ ಕೆಳಗಿನ ಕಪ್ಪು. ಈ ವ್ಯತ್ಯಾಸ ಬಹಳ ಮುಖ್ಯ. ಏಕೆಂದರೆ ಮುಪ್ಪು ಮರೆಸುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ಬಿಳಿಯ ಚರ್ಮಕ್ಕೆಂದು ಹುಟ್ಟಿದವು.

ಈಗ ಆ ಚಿಕಿತ್ಸೆಗಳ ಸಂಗತಿ. ಮೊದಲು ಟಿ.ವಿ. ಜಾಹೀರಾತಿನ ಕೊಲ್ಯಾಜೆನ್ ಕ್ರೀಮನ್ನು ನೋಡೋಣ. ಕಡಿಮೆಯಾದದ್ದನ್ನು ಮೇಲಿನಿಂದ ಹಚ್ಚಿ ತುಂಬುವುದು, ಕೇಳಲು ಎಷ್ಟು ಚೆನ್ನ! ಆದರೆ ಹೊರಚರ್ಮವೆಂಬ ಬೇಲಿ ಸುಮಾರು 500 ಡಾಲ್ಟನ್ ತೂಕಕ್ಕಿಂತ ದೊಡ್ಡ ಅಣುಗಳನ್ನು ಒಳಗೆ ಬಿಡುವುದು ಕಷ್ಟ. ಕೊಲ್ಯಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಉಣುಗೋಲಿನ ಸಂದಿಯಲ್ಲಿ ಆನೆ ತೂರಿಸಿದ ಹಾಗೆ. ಆ ಕ್ರೀಮು ಮೇಲೆ ಕುಳಿತು ಚರ್ಮದ ನೀರು ಆರದಂತೆ ತಡೆಯುತ್ತದೆ, ಅಷ್ಟೆ. ಅಜ್ಜಿಯಂದಿರು ಹಚ್ಚುತ್ತಿದ್ದ ಹಾಲಿನ ಕೆನೆಯೂ ಅದನ್ನೇ ಮಾಡುತ್ತಿತ್ತು. ನಮ್ಮ ಕಾಫಿಯ ಕೆಫೀನ್ ಅಣುವಿನ ತೂಕ 194. ಅದು ಬೇಲಿ ದಾಟುತ್ತದೆ. ಕಣ್ಣಿನ ಕೆಳಗಿನ ಊತವನ್ನು ಕೆಲವು ಗಂಟೆ ತಗ್ಗಿಸಬಲ್ಲದು, ಸುಕ್ಕನ್ನು ಅಳಿಸಲಾರದು. ಕಾಫಿ ಪುಡಿಯನ್ನು ಸಕ್ಕರೆಯೊಡನೆ ಕಲಸಿ ಮುಖಕ್ಕೆ ಉಜ್ಜುವವರಿದ್ದಾರೆ. ಉಜ್ಜಿದ ಗೀರುಗಳು ನಮ್ಮ ಬಣ್ಣದವರಲ್ಲಿ ಕಪ್ಪು ಕಲೆಯಾಗಿ ಉಳಿಯುವ ಸಾಧ್ಯತೆ ಇದೆ. ಆ ಪುಡಿಯನ್ನು ಫಿಲ್ಟರಿಗೆ ಹಾಕುವುದೇ ಲೇಸು.

ನಿಜವಾಗಿ ಕೆಲಸ ಮಾಡುವ ಲೇಪವೊಂದಿದೆ. ಅದು ಟ್ರೆಟಿನಾಯಿನ್, ‘ಎ’ ಜೀವಸತ್ವದಿಂದ ಬಂದ ಆಮ್ಲ. ಮೊಡವೆಗೆಂದು ಬಳಸುತ್ತಿದ್ದ ಇದನ್ನು ಹಚ್ಚಿದ ನಡುವಯಸ್ಸಿನ ಹೆಂಗಸರು ತಮ್ಮ ಸುಕ್ಕು ಕೂಡ ಕಡಿಮೆಯಾಯಿತೆಂದು ಹೇಳಿದ್ದು ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಅವರ ಕಿವಿಗೆ ಬಿತ್ತು. 1986ರಲ್ಲಿ ಅವರು ಮತ್ತು ಸಂಗಡಿಗರು ಬಿಸಿಲಿಗೆ ಮುದಿಯಾದ ಚರ್ಮದಲ್ಲಿ ಇದು ಹೊಸ ಕೊಲ್ಯಾಜೆನ್ ಹುಟ್ಟಿಸುವುದನ್ನು ತೋರಿಸಿದರು. (ಇದೇ ಕ್ಲಿಗ್‌ಮನ್ ಅದಕ್ಕೆ ಮೊದಲು ಫಿಲಡೆಲ್ಫಿಯದ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ವಿಜ್ಞಾನದ ಲಾಭಗಳ ಹಿಂದೆ ಯಾರ ಬೆನ್ನಿತ್ತು ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು.) ಟ್ರೆಟಿನಾಯಿನ್ ರಾತ್ರಿ ಹಚ್ಚುವ ಔಷಧ, ಫಲ ಕಾಣಲು ತಿಂಗಳುಗಳು ಬೇಕು, ಮೊದಮೊದಲು ಚರ್ಮ ಕೆಂಪಾಗಿ ಸುಲಿಯುತ್ತದೆ. ಗರ್ಭಿಣಿಯರು ಮುಟ್ಟಬಾರದು. ವೈದ್ಯರು ಬರೆದುಕೊಡದೆ ಕೊಳ್ಳುವ ಪದಾರ್ಥವಲ್ಲ.

ಅದರ ದುರ್ಬಲ ಸೋದರ ರೆಟಿನಾಲ್ ಈಗ ಸೀರಮ್ಮಿನ ಹೆಸರಲ್ಲಿ ಅಂಗಡಿಗೆ ಬಂದಿದೆ. ಫೋನಿನಲ್ಲಿ ನೋಡಿ ತರಿಸಿಕೊಂಡ ಒಂಬತ್ತನೇ ತರಗತಿಯ ಹುಡುಗಿಯರು ಅದನ್ನು ಹಚ್ಚಿ ಮುಖ ಉರಿಸಿಕೊಳ್ಳುತ್ತಿದ್ದಾರೆ. ಹದಿನಾಲ್ಕರ ಚರ್ಮ ಕೊಲ್ಯಾಜೆನ್ನನ್ನು ತಾನೇ ಧಾರಾಳವಾಗಿ ಹೊಸೆಯುತ್ತಿರುವಾಗ ಈ ಚಾಟಿ ಏಕೆ?

ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಬೊಟಾಕ್ಸಿನದು. 1895ರಲ್ಲಿ ಬೆಲ್ಜಿಯಮ್ಮಿನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಉಪ್ಪು ಹಚ್ಚಿಟ್ಟ ಮಾಂಸ ತಿಂದರು. ಕಣ್ಣು ಮಂಜಾಯಿತು, ನಾಲಿಗೆ ತೊದಲಿತು, ಮೂವರು ಸತ್ತರು. ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಬೇರ್ಪಡಿಸಿದ ಏಕಾಣುಜೀವಿಯೇ ಬೊಟುಲಿನಮ್. ಅದು ಕಾರುವ ವಿಷ ನಾವು ಬಲ್ಲ ವಿಷಗಳಲ್ಲೆಲ್ಲ ಅತ್ಯಂತ ಪ್ರಬಲವಾದದ್ದು. ನರದ ತುದಿಯಿಂದ ಸ್ನಾಯುವಿಗೆ ‘ಕುಗ್ಗು’ ಎಂಬ ಆಜ್ಞೆ ಒಯ್ಯುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಬರದಂತೆ ಇದು ಬಾಗಿಲು ಹಾಕುತ್ತದೆ. ಸ್ನಾಯು ಸುಮ್ಮನಾಗುತ್ತದೆ. ಇಂಥ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮೆಳ್ಳೆಗಣ್ಣಿನ ಸ್ನಾಯುವಿಗೆ ಚುಚ್ಚಿ ಕಣ್ಣನ್ನು ನೇರ ಮಾಡಬಹುದು ಎಂದು ಯೋಚಿಸಿದವರು ಸ್ಯಾನ್‌ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್. 1989ರಲ್ಲಿ ಅಮೆರಿಕದ ಸರ್ಕಾರ ಇದನ್ನು ಔಷಧವೆಂದು ಒಪ್ಪಿತು. ಅಷ್ಟರಲ್ಲಿ, 1987ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ರೆಪ್ಪೆ ಅದುರುವ ತೊಂದರೆಗೆ ಈ ಚುಚ್ಚುಮದ್ದು ಪಡೆಯುತ್ತಿದ್ದ ಮಹಿಳೆಯೊಬ್ಬಳು ಹುಬ್ಬಿನ ನಡುವೆಯೂ ಹಾಕಿ ಎಂದು ಕೇಳಿದಳು. ಅಲ್ಲಿ ಹಾಕಿದಾಗ ಹಣೆಯ ಗಂಟು ಬಿಚ್ಚಿ ಮುಖ ನಿರಾಳವಾಗಿ ಕಾಣುತ್ತಿತ್ತಂತೆ. ಆಕೆಯ ವೈದ್ಯೆ ಜೀನ್ ಕ್ಯಾರುದರ್ಸ್. ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ಮಾತು ಊಟದ ಮೇಜಿನವರೆಗೆ ಹೋಗಿರಬೇಕು! 1992ರಲ್ಲಿ ದಂಪತಿ ತಮ್ಮ ಅನುಭವವನ್ನು ಪ್ರಕಟಿಸಿದರು. ಸುಕ್ಕಿಗೆಂದೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ.

ಗಮನಿಸಬೇಕಾದದ್ದೇನೆಂದರೆ, ಇದು ಕೊಲ್ಯಾಜೆನ್ನಿನ ತಂಟೆಗೇ ಹೋಗುವುದಿಲ್ಲ. ಹುಬ್ಬು ಗಂಟಿಕ್ಕುವಾಗ, ನಗುವಾಗ ಮಡಿಸಿಕೊಳ್ಳುವ ಗೆರೆಗಳನ್ನು ಮಾತ್ರ ಸಡಿಲಿಸುತ್ತದೆ. ಬಿಸಿಲು ಬರೆದ ಕಲೆ, ಬಂಗು ಹಾಗೇ ಇರುತ್ತವೆ. ಪರಿಣಾಮ ಮೂರು ನಾಲ್ಕು ತಿಂಗಳು, ಆಮೇಲೆ ಮತ್ತೆ ಸಾವಿರಗಟ್ಟಲೆ ಖರ್ಚು. ಅನುಭವವಿಲ್ಲದ ಕೈ ಚುಚ್ಚಿದರೆ ರೆಪ್ಪೆ ಜೋತುಬಿದ್ದು ವಾರಗಟ್ಟಲೆ ಅರೆಗಣ್ಣಿನಲ್ಲಿ ಇರಬೇಕಾದೀತು.

ಉಳಿದವನ್ನು ಬೇಗ ಮುಗಿಸಬಹುದು. ಫಿಲ್ಲರ್ ಎಂದರೆ ಹಯಲುರೋನಿಕ್ ಆಮ್ಲವೆಂಬ, ನೀರು ಹಿಡಿದಿಡುವ ಲೋಳೆಯನ್ನು ಚುಚ್ಚಿ ಕೆನ್ನೆಯ ತಗ್ಗು ತುಂಬುವುದು. ಅದು ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ದೃಷ್ಟಿ ಹೋದದ್ದೂ ಇದೆ. ಪೀಲಿಂಗ್ ಎಂದರೆ ಕಬ್ಬಿನಲ್ಲೂ ಇರುವ ಗ್ಲೈಕಾಲಿಕ್ ಆಮ್ಲದಂಥವನ್ನು ಹಚ್ಚಿ ಹೊರಚರ್ಮದ ಮೇಲ್ಪದರವನ್ನು ಸುಲಿಸುವುದು. ಲೇಸರ್ ಅದೇ ಕೆಲಸವನ್ನು ಶಾಖದಿಂದ, ಇನ್ನೂ ಆಳದಲ್ಲಿ ಮಾಡುತ್ತದೆ. ಗಾಯ ಮಾಯುವ ನೆಪದಲ್ಲಿ ಹೊಸ ಕೊಲ್ಯಾಜೆನ್ ಹುಟ್ಟುತ್ತದೆ. ನಮ್ಮ ಮೆಲನಿನ್ ಇಲ್ಲಿ ತಕರಾರು ತೆಗೆಯುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಸುಟ್ಟ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಳಸದವರು ಕುದುರೆಮುಖ ಇಳಿದು ಮಣಿಪಾಲಕ್ಕೋ, ಮೂಡಿಗೆರೆಯವರು ಹಾಸನ, ಮಂಗಳೂರುಗಳಿಗೋ ಹೋಗಿ ಚರ್ಮವೈದ್ಯರನ್ನು ಕಂಡು ಮಾಡಿಸಿಕೊಂಡರೆ ಅದು ಅವರವರ ಹಣ, ಅವರವರ ಮುಖ. ಅದಕ್ಕೆ ಆಕ್ಷೇಪಣೆ ಇಲ್ಲ.

ಆಕ್ಷೇಪಣೆ ಇರುವುದು ಅಷ್ಟು ದೂರ ಹೋಗದೆ, ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಪುಟ್ಟ ಟ್ಯೂಬಿಗೆ. ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಾವ ಊರಿನಲ್ಲೂ ಇರಬಹುದು. ನಲವತ್ತೆರಡರ ತಾಯಿಗೆ ಕೆನ್ನೆಯ ಮೇಲೆ ಬಂಗು, ಕಣ್ಣಂಚಿನಲ್ಲಿ ಗೆರೆ. ತಂಗಿಯ ಮದುವೆಗೆ ಎರಡು ತಿಂಗಳಿದೆ. “ಇದನ್ನ ಹಚ್ಚಿ ನೋಡಿ ಅಕ್ಕಾ, ನಂಗೆ ಹದಿನೈದು ದಿನಕ್ಕೇ ಹೋಯ್ತು” ಎಂದು ಪಕ್ಕದ ಮನೆಯಾಕೆ ಒಂದು ಟ್ಯೂಬು ತೋರಿಸುತ್ತಾಳೆ. ಹಚ್ಚಿದ್ದಾಯಿತು. ಹದಿನೈದು ದಿನಕ್ಕೆ ಬಂಗು ಮಾಸಿ ಮುಖ ತಿಳಿಯಾಯಿತು. “ಏನೇ ಮಾರಾಯ್ತಿ, ಹತ್ತು ವರ್ಷ ಚಿಕ್ಕವಳಾಗಿದ್ದೀಯ!” ಎಂದು ಮದುವೆಮನೆಯಲ್ಲಿ ಎಲ್ಲರೂ ಕೇಳುವವರೇ. ಮದುವೆ ಮುಗಿದರೂ ಟ್ಯೂಬು ನಿಲ್ಲಲಿಲ್ಲ. ಮೊಡವೆಯೆಂದು ಪಿಯುಸಿ ಓದುವ ಮಗಳೂ ಅದನ್ನೇ ಹಚ್ಚತೊಡಗಿದಳು.

ಆ ಟ್ಯೂಬಿನಲ್ಲಿರುವುದು ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಇವುಗಳಲ್ಲಿ ಒಂದು. ಇವು ಸ್ಟೀರಾಯ್ಡ್‌ಗಳು. ಸರಿಯಾದ ರೋಗಕ್ಕೆ, ಸರಿಯಾದ ಅವಧಿಗೆ ಇವು ವರದಾನವೇ. ಚರ್ಮದ ರಕ್ತನಾಳಗಳನ್ನು ಬಿಗಿಯುತ್ತವೆ, ಊತ ಇಳಿಸುತ್ತವೆ, ಬಣ್ಣ ತಯಾರಿಸುವ ಕೋಶಗಳ ಬಾಯಿ ಕಟ್ಟುತ್ತವೆ. ಹದಿನೈದು ದಿನದ ಹೊಳಪಿನ ಗುಟ್ಟು ಇದು. ಆದರೆ ಜೊತೆಜೊತೆಗೇ ಕೊಲ್ಯಾಜೆನ್ ಹೊಸೆಯುವ ಕೋಶಗಳನ್ನೂ ಸುಮ್ಮನಾಗಿಸುತ್ತವೆ. ಚಿಕ್ಕವರಾಗಿ ಕಾಣಲು ಹಚ್ಚಿದ ಲೇಪ ಕೆಲವೇ ತಿಂಗಳುಗಳಲ್ಲಿ, ಬಿಸಿಲು ವರ್ಷಗಟ್ಟಲೆ ದುಡಿದರೆ ಆಗುವಷ್ಟು ಹಾನಿಯನ್ನು ಒಳಗಿನಿಂದ ಮಾಡುತ್ತದೆ! ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಕೆಂಪು ನಾಳಗಳು ಕಾಣುತ್ತವೆ. ಕಾಳುಕಾಳು ಮೊಡವೆ ಏಳುತ್ತವೆ, ಹೆಂಗಸರಿಗೆ ಮುಖದ ಮೇಲೆ ಕೂದಲು ಬರುತ್ತದೆ, ಅಂಗಳದ ಬಿಸಿಲೂ ಉರಿಯುತ್ತದೆ. ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಮುಖ ಬೆಂಕಿಯಾಗುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಚಟ ಅಂಟುವುದು ಹೀಗೆ.

ಇದು ಉತ್ಪ್ರೇಕ್ಷೆಯಲ್ಲ. ದೇಶದ ಹಲವು ಊರುಗಳ ಚರ್ಮವೈದ್ಯರು ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದವರು. ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂದು ಇದಕ್ಕೆ ನಮ್ಮ ದೇಶದ ವೈದ್ಯರೇ ಹೆಸರಿಟ್ಟಿದ್ದಾರೆ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಆದರೆ ಚೀಟಿ ಕೇಳುವ ಅಂಗಡಿಯಷ್ಟೇ ಚೀಟಿ ತೋರಿಸುವ ಗಿರಾಕಿಯೂ ಅಪರೂಪ.

ಹಾಗಾದರೆ ಬಂಗಿಗೆ, ಸುಕ್ಕಿಗೆ ಮನೆಯಲ್ಲಿ ಮಾಡಬಹುದಾದದ್ದೇನು? ಅಗಲ ಅಂಚಿನ ಟೋಪಿ, ಕೊಡೆ, ಹನ್ನೊಂದರಿಂದ ಮೂರರವರೆಗಿನ ಬಿಸಿಲು ತಪ್ಪಿಸುವುದು. ಬೀಡಿ ಸಿಗರೇಟು ಸೇದುವವರು ಬಿಟ್ಟರೆ ಚರ್ಮಕ್ಕೂ ಲಾಭ. ಹೊಗೆ ಕೂಡ ಕೊಲ್ಯಾಜೆನ್ ಕಡಿಯುತ್ತದೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30ರದು ‘ಬಿ’ ಕಿರಣದ ಶೇಕಡ 97ನ್ನು ತಡೆಯುತ್ತದೆ, 50ರದು 98ನ್ನು. ಹೆಚ್ಚು ದುಡ್ಡು ಕೊಟ್ಟರೆ ಸಿಗುವ ಹೆಚ್ಚುವರಿ ಅಷ್ಟೇ. ‘ಎ’ ಕಿರಣವನ್ನೂ ತಡೆಯುತ್ತದೆಯೇ ಎಂಬುದನ್ನು ಲೇಬಲಿನಲ್ಲಿ ಬೇರೆಯಾಗಿ ನೋಡಬೇಕು. ಧಾರಾಳವಾಗಿ ಹಚ್ಚಿ, ಬೆವರಿದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕುಂಕುಮದಂತೆ ಒಂದು ಬೊಟ್ಟು ಇಟ್ಟರೆ ಏನೂ ಆಗದು.

ಟ್ಯೂಬನ್ನು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿರುವ ತಾಯಂದಿರು ಈ ಬರಹ ಓದಿ ಇವತ್ತೇ ಅದನ್ನು ಒಲೆಗೆ ಎಸೆಯಬಾರದು. ದಿಢೀರನೆ ನಿಲ್ಲಿಸಿದರೆ ಮುಖ ಕೆರಳಿ, ಹೆದರಿ ಮತ್ತೆ ಅಂಗಡಿಗೆ ಓಡುವುದೇ ಹೆಚ್ಚು. ಹೇಗೆ ಇಳಿಸಬೇಕು, ನಡುವೆ ಏನು ಹಚ್ಚಬೇಕು ಎಂಬುದನ್ನು ಚರ್ಮವೈದ್ಯರು ಹೇಳುತ್ತಾರೆ. ಹೋಗುವಾಗ ಟ್ಯೂಬನ್ನೂ ಅದರ ರಟ್ಟಿನ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಹೋಗಬೇಕು. ‘ಬಿಳಿ ಟ್ಯೂಬು, ಹಸಿರು ಗೆರೆ’ ಎಂದರೆ ವೈದ್ಯರಿಗೆ ತಿಳಿಯದು. ಔಷಧದ ಹೆಸರು ಡಬ್ಬಿಯ ಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಮ್ಮನ ಕಣ್ಣಿಗೆ ಅದು ಕಾಣದಿದ್ದರೆ ಓದಿ ಹೇಳಲು ಮನೆಯಲ್ಲಿ ಪಿಯುಸಿಯ ಹುಡುಗಿ ಇದ್ದಾಳಲ್ಲ.